ಮೂರನೇ ನೀರಿನ ಒಗರು

ಇದನ್ನು ಹೇಳಿಬಿಡಬೇಕು ಎಂದುಕೊಂಡು ನಾಲ್ಕು ವರ್ಷವಾಯಿತು. ಮೊದಲ ವರ್ಷ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಎರಡನೇ ವರ್ಷ ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಮೂರನೇ ವರ್ಷ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಹೇಳಲಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅದಾದ ಮೇಲೆ ಬರೆದದ್ದು ಶಿಫ್ಟ್ ರಿಪೋರ್ಟು ಮಾತ್ರ. ಆದ್ದರಿಂದ ಇದೂ ಕೊಂಚ ಶಿಫ್ಟ್ ರಿಪೋರ್ಟಿನ ಹಾಗೆಯೇ ಇದ್ದೀತು.

ಪೀಣ್ಯ ಎರಡನೇ ಹಂತದಲ್ಲಿ, ಎಡಕ್ಕೆ ಲೇತ್ ಶೆಡ್ಡು, ಬಲಕ್ಕೆ ಪೌಡರ್ ಕೋಟಿಂಗ್, ನಡುವೆ ನಮ್ಮ ಕಾರ್ಖಾನೆ. ನಾವು ಮರದ ತೊಗಟೆಯಿಂದ ಔಷಧದ ಸಾರ ತೆಗೆಯುತ್ತಿದ್ದೆವು. ಹೆಚ್ಚಾಗಿ ಹೊಳೆಮತ್ತಿಯ ತೊಗಟೆ. ಹೊರಗೆ ಬೂದಿ ಬಣ್ಣ, ಒಳಗೆ ನಸುಗೆಂಪು. ಅದರ ಸಾರ ಹೃದಯಕ್ಕೆ ಒಳ್ಳೆಯದೆಂದು ಮಾತ್ರೆ ಮಾಡುವ ಕಂಪನಿಗಳು ಕೊಳ್ಳುತ್ತಿದ್ದವು. ಹೃದಯಕ್ಕೆ ಒಳ್ಳೆಯದನ್ನು ನಾನು ಮೂವತ್ತೊಂದು ವರ್ಷ ತೆಗೆದಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಸರ್ವೀಸ್ ಎಷ್ಟು ಎಂದು ಯಾರಾದರೂ ಕೇಳಬಹುದು, ಅದಕ್ಕೆ.

ಕೆಲಸ ಕಷ್ಟದ್ದೇನಲ್ಲ. ಲಾರಿಯಲ್ಲಿ ಗೋಣಿಚೀಲಗಳು ಬರುತ್ತವೆ, ಒಳಗೆ ಉಗುರಗಲದ ತೊಗಟೆ ಚೂರು. ಅದನ್ನು ಎರಡಾಳೆತ್ತರದ ಸ್ಟೀಲ್ ಪಾತ್ರೆಗೆ ಸುರಿದು, ನೀರು ಬಿಟ್ಟು, ಬಾಯ್ಲರಿನ ಹಬೆಯಿಂದ ಕಾಯಿಸಬೇಕು. ಕಂಪನಿಯ ಕಾಗದಪತ್ರದಲ್ಲಿ ಅದಕ್ಕೆ ಎಕ್ಸ್‌ಟ್ರಾಕ್ಟರ್ ಎಂದು ಹೆಸರು. ನಾವು ಹಂಡೆ ಎನ್ನುತ್ತಿದ್ದೆವು. ಮೊದಲ ನೀರು ಕಡು ಚಹಾದ ಹಾಗೆ ಇಳಿಯುತ್ತದೆ. ಅದನ್ನು ತೆಗೆದು ಮತ್ತೆ ನೀರು ಬಿಡಬೇಕು, ಅದು ಎರಡನೇ ನೀರು. ಆಮೇಲೆ ಮೂರನೆಯದು. ಎಲ್ಲ ನೀರನ್ನೂ ಸೋಸಿ, ಜೋನಿಬೆಲ್ಲದ ಹದಕ್ಕೆ ಇಂಗಿಸಿ, ಟ್ರೇಗಳಲ್ಲಿ ಒಣಗಿಸಿ ಪುಡಿ ಮಾಡಿದರೆ ಮುಗಿಯಿತು.

ಎಲ್ಲಿ ನಿಲ್ಲಿಸಬೇಕು ಎನ್ನುವುದೇ ವಿದ್ಯೆ. ಬೇಗ ನಿಲ್ಲಿಸಿದರೆ ಸಾರ ತೊಗಟೆಯಲ್ಲೇ ಉಳಿಯುತ್ತದೆ. ತಡವಾದರೆ ಬರೀ ನೀರು ಕಾಯಿಸಿದಂತೆ. ಲ್ಯಾಬಿಗೆ ಕಳಿಸಿ ಉತ್ತರ ಬರುವಷ್ಟರಲ್ಲಿ ಶಿಫ್ಟೇ ಮುಗಿದಿರುತ್ತದೆ. ಆದ್ದರಿಂದ ನಮ್ಮಲ್ಲಿ ನಾಲಗೆಯಿಂದ ನೋಡುವ ಪದ್ಧತಿ. ನಲ್ಲಿಯಿಂದ ಒಂದು ಚಮಚ ಹಿಡಿದು, ಆರಿಸಿ, ನಾಲಗೆಗೆ ಬಿಟ್ಟುಕೊಳ್ಳಬೇಕು. ಒಗರು ಇದ್ದರೆ ಸಾರ ಇನ್ನೂ ಇದೆ. ಲಾರಿ ಬಂದಾಗಲೂ ಅಷ್ಟೆ, ಪ್ರತಿ ಚೀಲದಿಂದ ಒಂದು ಚೂರು ಕಡಿದು ನೋಡಬೇಕು. ನಿಜವಾದ ತೊಗಟೆಯಾದರೆ ನಾಲಗೆ ಕೂಡಲೇ ಅಂಗುಳಿಗೆ ಅಂಟಿಕೊಳ್ಳುತ್ತದೆ.

ನಾನು ಹಮಾಲನಾಗಿ ಸೇರಿ ಸೂಪರ್‌ವೈಸರ್ ಆದದ್ದು ಈ ನಾಲಗೆಯಿಂದ. ಒಂದು ಚಮಚ ಬಾಯಿಗೆ ಬಿಟ್ಟುಕೊಂಡು, ಮೇಲೆ ಚಾವಣಿಯ ಶೀಟಿನ ಕಡೆ ನೋಡಿ, ಉಗುಳಿ, "ಇನ್ನೊಂದು ಇಪ್ಪತ್ತು ನಿಮಿಷ" ಎನ್ನುತ್ತಿದ್ದೆ. ಶೀಟಿನಲ್ಲಿ ಏನೂ ಬರೆದಿರುತ್ತಿರಲಿಲ್ಲ, ಆದರೂ ಹಾಗೆ ನೋಡಿದರೆ ಜನ ನಂಬುತ್ತಿದ್ದರು. ಮಾಲೀಕರು ದಾವಣಗೆರೆ ಕಡೆಯವರು, ಬೆಳಿಗ್ಗೆ ವಿಭೂತಿ ಹಚ್ಚಿಕೊಂಡೇ ಬರುತ್ತಿದ್ದರು. ಯಾರಾದರೂ ಗಿರಾಕಿ ಬಂದರೆ ನನ್ನನ್ನು ಕರೆದು ತೋರಿಸುತ್ತಿದ್ದರು. "ಇವರೇ ನಮ್ಮ ಮೀಟ್ರು. ಕರೆಂಟ್ ಬೇಡ, ಏನೂ ಬೇಡ."

ಇಂಥ ಮೀಟರು ಕೋವಿಡ್ಡಿನ ಎರಡನೇ ಅಲೆಯಲ್ಲಿ ಕೆಟ್ಟಿತು. ಹದಿನೈದು ದಿನ ಮಲಗಿ ಎದ್ದೆ. ಉಸಿರು ಸರಿಯಾಯಿತು, ಕಾಲಿಗೆ ಬಲ ಬಂತು, ರುಚಿ ಮಾತ್ರ ಬರಲಿಲ್ಲ. ಹುಳಿ, ಖಾರ, ಒಗರು, ಎಲ್ಲವೂ ಒಂದೇ. ಹೆಂಡತಿ ಸಾರಿಗೆ ಉಪ್ಪು ಹಾಕಲು ಮರೆತ ದಿನ ನಾನು ಎರಡು ಸಲ ಬಡಿಸಿಕೊಂಡು ಉಂಡೆ. ಅವಳು ಅದನ್ನು ಪ್ರೀತಿ ಎಂದುಕೊಂಡಳು.

ಡಾಕ್ಟರು ಬರುತ್ತೆ ಎಂದರು. ಯಾವಾಗ ಎಂದು ಹೇಳಲಿಲ್ಲ. ರಿಟೈರ್ ಆಗಲು ನನಗೆ ಇನ್ನೂ ಒಂದೂವರೆ ವರ್ಷವಿತ್ತು. ರುಚಿ ಇಲ್ಲದ ನನ್ನಿಂದ ಕಾರ್ಖಾನೆಗೆ ಏನು ಉಪಯೋಗ ಎಂದು ಯೋಚಿಸಿದೆ. ಹಾಗಾಗಿ ಯಾರಿಗೂ ಹೇಳದೆ ಕೆಲಸಕ್ಕೆ ಹೋದೆ. ಮೊದಲಿನ ಹಾಗೆಯೇ ಚಮಚ ಬಾಯಿಗೆ ಬಿಟ್ಟೆ, ಶೀಟು ನೋಡಿದೆ, ಉಗುಳಿದೆ, ನೀರಿನ ಬಣ್ಣ ನೋಡಿ ಅಂದಾಜಿನ ಮೇಲೆ ಹೇಳಿದೆ. ಒಂದು ವಾರ ನಡೆಯಿತು. ನಡೆಯಿತಲ್ಲ ಎಂದೇ ನನಗೆ ಬೇಸರವಾಯಿತು. ಇಷ್ಟು ವರ್ಷ ನಾಲಗೆ ಬೇಕೇ ಇರಲಿಲ್ಲವೇನೋ ಎನ್ನಿಸಿತು. ಎರಡನೇ ವಾರ ಇಳುವರಿ ಬಿತ್ತು. ಆಗ ಕೊಂಚ ಸಮಾಧಾನವಾಯಿತು, ಕೂಡಲೇ ಭಯವೂ ಆಯಿತು.

ತೊಗಟೆ ಆರಿಸಲು ನಮ್ಮಲ್ಲಿ ಒಬ್ಬ ಹೆಂಗಸಿದ್ದಳು. ಯಾದಗಿರಿ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವನು ಒಮ್ಮೆ ಮೇಲಿಂದ ಬಿದ್ದು ಬೆನ್ನಿನ ಮೂಳೆಗೆ ಪೆಟ್ಟು ಮಾಡಿಕೊಂಡಿದ್ದ. ಒಬ್ಬಳು ಮಗಳು. ಅಂದ್ರಹಳ್ಳಿಯಲ್ಲಿ ಒಂದು ರೂಮು. ಆರಿಸಿದ ಚೀಲಕ್ಕೆ ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಸರಿಯಿದ್ದರೆ ಸೊನ್ನೆ, ಇಲ್ಲದಿದ್ದರೆ ಅಡ್ಡಗೀಟು. ಅವಳ ಸೊನ್ನೆ ಜೋಳದ ರೊಟ್ಟಿಯಷ್ಟು ಅಗಲ. ಅದಕ್ಕೇ ಎಲ್ಲರೂ ಅವಳನ್ನು ಚಾಕ್‌ಪೀಸ್ ಅಕ್ಕ ಎನ್ನುತ್ತಿದ್ದರು. ನಾನು ಹಿರಿಯನಾದ್ದರಿಂದ "ಏನಮ್ಮಾ" ಎನ್ನುತ್ತಿದ್ದೆ.

ಒಂದು ದಿನ ಚಮಚವನ್ನು ಅವಳ ಕೈಗೆ ಕೊಟ್ಟು, "ನೋಡಮ್ಮಾ, ನೀನೂ ಕಲ್ತ್ಕೋ. ಏನನ್ಸುತ್ತೆ ಹೇಳು" ಎಂದೆ.

ಅವಳು ನಾಲಗೆ ಚಪ್ಪರಿಸಿದಳು. "ಒಗರು ಇನ್ನಾ ಐತ್ರಿ ಅಣ್ಣಾರ. ಹಲ್ಲಿಗಿ ಹಿಡೀತೈತಿ."

"ಸರಿಯಾಗಿ ಹೇಳ್ದೆ" ಎಂದೆ, ಮೇಷ್ಟರ ಹಾಗೆ.

ಅಂದಿನಿಂದ ಪ್ರತಿ ಹಂಡೆಗೂ ಪಾಠ. ಅವಳು ಹೇಳುವುದು, ನಾನು ತಲೆಯಾಡಿಸುವುದು. ಇಳುವರಿ ಮತ್ತೆ ಸರಿಹೋಯಿತು. ಮಾಲೀಕರು ಇದನ್ನು ನೋಡಿ, ಸೀನಿಯರ್ ಅಂದರೆ ಹೀಗಿರಬೇಕು, ವಿದ್ಯೆ ಬಚ್ಚಿಟ್ಟುಕೊಳ್ಳಬಾರದು ಎಂದು ಎಲ್ಲರ ಮುಂದೆ ಹೇಳಿದರು. ನಾನು ಬಚ್ಚಿಟ್ಟದ್ದು ಬೇರೆ.

ಎರಡು ತಿಂಗಳಾದ ಮೇಲೆ ಅವಳೇ ಒಂದು ಸ್ಟೀಲ್ ಲೋಟ ತಂದಳು. ಒಳಗೆ ಕೆಂಪು ನೀರು.

"ಮೂರನೇ ನೀರ್ರಿ. ನಂಗ್ಯಾಕೋ ತಿಳೀವಲ್ದು, ನೀವಽ ನೋಡ್ರಿ."

ನಾನು ಬಾಯಿಗೆ ಬಿಟ್ಟುಕೊಂಡೆ. ಶೀಟು ನೋಡಿದೆ. "ಸ್ವಲ್ಪ ಒಗರಿದೆ. ಇನ್ನೊಂದು ಹತ್ತು ನಿಮಿಷ ಬಿಡು."

ಅವಳು ನಗಲಿಲ್ಲ. ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ತಾನೇ ಗಟಗಟ ಕುಡಿದಳು. "ಬೆಲ್ಲದ ನೀರ್ರಿ ಅಣ್ಣಾರ. ಎರಡ್ ಅಚ್ಚ ಹಾಕೇನಿ."

ಪಕ್ಕದ ಲೇತಿನಲ್ಲಿ ಯಾರೋ ಕಬ್ಬಿಣ ಕೊರೆಯುತ್ತಿದ್ದರು.

"ಯಾವಾಗಿಂದ್ರಿ?"

"ಆಸ್ಪತ್ರೆಯಿಂದ ಬಂದ್ಮೇಲೆ."

"ಮದ್ಲಽ ಹೇಳಿದ್ರ ನಾ ಏನ್ ನಿಮ್ಮ ಕುರ್ಚಿ ಕಸಗೊಂತಿದ್ದೆನೇನ್ರಿ? ಕಲಸ್ತೀನಿ ಕಲಸ್ತೀನಿ ಅಂತ ದಿನಾ ಉಗಳಿಸಿ ಉಗಳಿಸಿ ನನ್ನ ಬಾಯಿ ಬೂಚ ಹಿಡದೈತಿ." ಆಮೇಲೆ ದನಿ ತಗ್ಗಿಸಿ, "ಹೋಗ್ಲಿ ಬಿಡ್ರಿ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ನಿಮ್ಮ ನಾಲಿಗಿ ನನ್ನ ಬಾಯಾಗ ಐತಿ ಅಂತ ತಿಳಕೋರಿ" ಎಂದಳು.

ಹೀಗೆ ನನ್ನ ನಾಲಗೆ ಏಳೆಂಟು ತಿಂಗಳು ಅವಳ ಬಾಯಲ್ಲಿತ್ತು. ಸಂಬಳ ಮಾತ್ರ ಇಬ್ಬರದೂ ಬೇರೆ ಬೇರೆ ಇತ್ತು. ಅವಳು ಇನ್ನೂ ಟೆಂಪರರಿ. ಬರುವ ತಿಂಗಳಿಂದ ಪರ್ಮನೆಂಟ್ ಮಾಡುತ್ತೇವೆ, ಇಎಸ್‌ಐ ಕಾರ್ಡು ಬರುತ್ತದೆ, ಗಂಡನ ಬೆನ್ನನ್ನೂ ಅದರಲ್ಲೇ ತೋರಿಸಬಹುದು ಎಂದು ಮಾಲೀಕರು ಹೇಳಿದ್ದರು. ಅವಳು ಆ ಕಾರ್ಡಿಗಾಗಿ ಫೋಟೋ ತೆಗೆಸಿ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ನನಗೂ ತೋರಿಸಿದ್ದಳು. ಫೋಟೋದಲ್ಲಿ ತುಂಬ ಸಿಟ್ಟಿನಲ್ಲಿದ್ದಂತೆ ಕಾಣುತ್ತಿದ್ದಳು.

ಆ ತಿಂಗಳ ಕೊನೆಯ ವಾರ ಒಂದು ದಿನ, ಮಗಳ ಕಾಲೇಜಿನಲ್ಲಿ ಕರೆದಿದ್ದಾರೆ, ಮಧ್ಯಾಹ್ನ ಬರುತ್ತೇನೆ ಎಂದು ಹೇಳಿ ಹೋಗಿದ್ದಳು. ಹತ್ತು ಗಂಟೆಗೆ ಲಾರಿ ಬಂತು. ಹೊಸ ಸಪ್ಲೈಯರ್. ಡ್ರೈವರು, "ಸಾರ್, ಬೇಗ ಮಾಡಿ ಸಾರ್, ಹನ್ನೊಂದು ಗಂಟೆ ಮೇಲೆ ಟ್ರಾಫಿಕ್ಕಲ್ಲಿ ಗೊರಗುಂಟೆಪಾಳ್ಯ ದಾಟಕ್ಕಾಗಲ್ಲ" ಎಂದು ಗೊಣಗುತ್ತಿದ್ದ. ಅವಳು ಬರುವ ತನಕ ಕಾಯಿ ಎನ್ನಬಹುದಿತ್ತು. ಆದರೆ ಒಬ್ಬ ಟೆಂಪರರಿ ಹೆಂಗಸು ಬರುವ ತನಕ ಸೂಪರ್‌ವೈಸರ್ ಯಾಕೆ ಕಾಯಬೇಕು ಎಂದು ಯಾರಾದರೂ ಕೇಳಿದರೆ ಗುಟ್ಟು ಹೊರಬೀಳುತ್ತಿತ್ತು. ಅಷ್ಟೂ ಜನರ ಮುಂದೆ ಒಂದೊಂದು ಚೀಲದಿಂದ ಒಂದೊಂದು ಚೂರು ಕಡಿದೆ, ಅಗಿದೆ, ಉಗುಳಿದೆ. ತೊಗಟೆ ಒಳಗೆ ನಸುಗೆಂಪಾಗಿಯೇ ಇತ್ತು. ಕೊಂಚ ಮಾಸಿತ್ತೇನೋ. ಅವಳ ಡಬ್ಬಿಯಿಂದ ಸೀಮೆಸುಣ್ಣ ತೆಗೆದು ಎಲ್ಲ ಚೀಲಕ್ಕೂ ಸೊನ್ನೆ ಹಾಕಿದೆ. ನನ್ನ ಸೊನ್ನೆ ಗುಳಿಗೆಯಷ್ಟಿತ್ತು.

ಅವಳು ಬಂದಾಗ ಚೀಲಗಳೆಲ್ಲ ಹಂಡೆಗೆ ಸುರಿದಾಗಿತ್ತು. ನೆಲಕ್ಕೆ ಬಿದ್ದಿದ್ದ ಒಂದು ಚೂರನ್ನು ಸುಮ್ಮನೆ ಬಾಯಿಗೆ ಹಾಕಿಕೊಂಡಳು. ಅಗಿಯುವುದನ್ನು ನಿಲ್ಲಿಸಿ ನೇರ ನನ್ನ ಹತ್ತಿರ ಬಂದಳು.

"ಇದು ಕುದಿಸಿದ್ ತೊಗಟಿ ಐತ್ರಿ. ಯಾರೋ ಸಾರ ತಗದು ಒಣಗಿಸಿ ತಂದಾರ. ಬರೇ ಕಟ್ಟಿಗಿ."

"ಸುಮ್ನಿರಮ್ಮ. ಹೊಸ ಲಾಟು, ಸ್ವಲ್ಪ ಸಪ್ಪೆ ಇರುತ್ತೆ."

"ಸಪ್ಪಿ ಅಂತ ನಿಮಗ ಹ್ಯಾಂಗ ತಿಳೀತ್ರಿ?"

ನಾನು ನೀರಿನ ವಾಲ್ವಿನ ಕಡೆ ಹೊರಟೆ.

"ಇನ್ನಾ ನೀರ್ ಬಿಟ್ಟಿಲ್ಲ. ತೆಗಸ್ರಿ ಅಣ್ಣಾರ, ಈಗಽ ತೆಗಸ್ರಿ."

ತೆಗೆಸಿದರೆ ಯಾಕೆ ಎಂದು ಕೇಳುತ್ತಾರೆ. ನೀವೇ ಕಡಿದು ನೋಡಿದಿರಲ್ಲ ಎನ್ನುತ್ತಾರೆ. ನಾನು ನೀರಿನ ವಾಲ್ವ್ ತಿರುಗಿಸಿದೆ, ಆಮೇಲೆ ಹಬೆಯದು. ಇದನ್ನು ತಪ್ಪಿ ಮಾಡಿದೆ ಎನ್ನಲಾರೆ. ಎರಡೂ ವಾಲ್ವುಗಳು ಬಿಗಿ, ಎರಡೂ ಕೈ ಹಚ್ಚಿ ತಿರುಗಿಸಬೇಕು.

ಮೊದಲ ನೀರು ಅನ್ನ ಬಸಿದ ಗಂಜಿಯ ಹಾಗೆ ಇಳಿಯಿತು. ಲ್ಯಾಬಿನ ಕೆಮಿಸ್ಟ್ ಇನ್ನೂ ಹೊಸಬ. ಮೂರು ಸಲ ಟೆಸ್ಟ್ ಮಾಡಿ, ತನ್ನದೇ ತಪ್ಪಿರಬೇಕೆಂದು ನಾಲ್ಕನೇ ಸಲವೂ ಮಾಡಿ, ಮಾಲೀಕರ ಹತ್ತಿರ ಹೋದ. "ಸಾರ್, ಇದ್ರಲ್ಲಿ ಏನೂ ಇಲ್ಲ ಸಾರ್. ಇದನ್ನ ಆಲ್ರೆಡಿ ಯಾರೋ ತೆಗ್ದಿದಾರೆ." ಸಾರ ತೆಗೆದ ಮೇಲೆ ನಾವು ಸೌದೆಗೆಂದು ಮಾರುತ್ತಿದ್ದ ಚರಟವೇ ತಿರುಗಿ ಬಂದಿರಬಹುದು ಎಂದೂ ಹೇಳಿದ. ಹಾಗಿದ್ದರೆ ಆ ತೊಗಟೆಯನ್ನು ನಾನು ಎರಡು ಸಲ ಕುದಿಸಿದ್ದೇನೆ.

ಮಾಲೀಕರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದರು. ಖಾಲಿ ಚೀಲವೊಂದು ಅವರ ಟೇಬಲ್ಲಿನ ಪಕ್ಕದಲ್ಲಿ ಬಿದ್ದಿತ್ತು. ಮೇಲೆ ಗುಳಿಗೆಯಷ್ಟು ಸೊನ್ನೆ.

"ಯಾರ್ರೀ ಇದನ್ನ ಪಾಸ್ ಮಾಡಿದ್ದು?"

ಅವಳು ನನ್ನ ಕಡೆ ನೋಡಿದಳು. ನಾನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನಾನು ಹೇಳಿಯೂ ಹೇಳಿದೆ.

"ಅವಳೇ ನೋಡಿದ್ದು ಸಾರ್. ನಾನು ಬಾಯ್ಲರ್ ಹತ್ರ ಇದ್ದೆ."

ಗೇಟಿನ ರಿಜಿಸ್ಟರ್ ತೆಗೆದು ನೋಡಿದ್ದರೆ ಅವಳು ಬಂದ ಹೊತ್ತು ತಿಳಿಯುತ್ತಿತ್ತು. ಸೊನ್ನೆ ನೋಡಿದ್ದರೂ ತಿಳಿಯುತ್ತಿತ್ತು. ಲಾರಿಯ ಹತ್ತಿರ ನಿಂತಿದ್ದ ನಾಲ್ಕು ಜನ ಹಮಾಲರನ್ನು ಕೇಳಿದ್ದರಂತೂ ತಿಳಿದೇ ತಿಳಿಯುತ್ತಿತ್ತು. ಯಾರೂ ನೋಡಲಿಲ್ಲ, ಕೇಳಲಿಲ್ಲ. ಮೂವತ್ತು ವರ್ಷದ ಸರ್ವೀಸು ಎಂದರೆ ಅದೇ.

"ಏನಮ್ಮಾ ಇದು?" ಎಂದರು ಮಾಲೀಕರು. "ಅವರು ಅಷ್ಟು ಕಲಿಸಿಕೊಟ್ಟಾರೆ ನಿನಗೆ."

ಅವಳ ಬಾಯಿ ತೆರೆಯಿತು. ನನ್ನ ಕಡೆ ಮತ್ತೊಮ್ಮೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಯಾರೂ ಏಕಾದಶಿ ಮಾಡುವುದಿಲ್ಲ.

ಅವಳು ಕೆಲಸದ ಕೋಟಿನ ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು ಟೇಬಲ್ಲಿನ ಮೇಲಿಟ್ಟಳು. "ಅಣ್ಣಾರ ಹಂಗಂದ್ರ ಹಂಗಽ ಆಗ್ಲಿ ಬಿಡ್ರಿ" ಎಂದಳು. ನಾನು ಬಾಯಿ ಬಿಡಂಗಿಲ್ಲ ಎಂದಿದ್ದವಳು ಬಾಯಿ ಬಿಡಲಿಲ್ಲ. ಮರುದಿನದಿಂದ ಬರಬೇಡ ಎಂದರು, ಬರಲಿಲ್ಲ.

ಇದಾದ ಮೇಲೆ ಎರಡು ತಿಂಗಳು ಮತ್ತೆ ಬಣ್ಣ ನೋಡಿ ಅಂದಾಜಿನ ಮೇಲೆ ನಡೆಸಿದೆ, ಇಳುವರಿ ಬಿತ್ತು. ಆಗ ಮಾಲೀಕರು ಒಂದು ಯಂತ್ರ ತರಿಸಿದರು. ಮೊಬೈಲ್ ಫೋನಿನಷ್ಟು ಗಾತ್ರ. ಅದರ ಗಾಜಿನ ಮೇಲೆ ಒಂದು ಹನಿ ಬಿಟ್ಟರೆ ನೀರಿನಲ್ಲಿ ಸಾರ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಲಾರಿ ಬಂದಾಗಲೂ ಒಂದು ಹಿಡಿ ಚೂರು ಕುದಿಸಿ ಅದರಲ್ಲೇ ನೋಡುವುದು. "ಇನ್ನು ಮೇಲೆ ನಾಲಗೆಗೆ ಕೆಲಸ ಇಲ್ಲ, ನೀವು ಬರೀ ಮೇಲ್ವಿಚಾರಣೆ ನೋಡಿಕೊಳ್ಳಿ" ಎಂದರು. ಸಂಬಳ ಅಷ್ಟೇ. ಕುರ್ಚಿಯೂ ಅದೇ. ನಾಲಗೆ ಇಲ್ಲದವನು ಕಾರ್ಖಾನೆಗೆ ಬೇಡವಾಗುತ್ತಾನೆ ಎಂದು ಒಂದು ಹೆಂಗಸಿನ ಕೆಲಸ ಕಳೆದೆನಲ್ಲ, ಆ ನಾಲಗೆ ಇದ್ದಿದ್ದರೂ ಬೇಡವಾಗುತ್ತಿತ್ತು. ರಿಟೈರ್ ಆದ ದಿನ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟರು. ಮಾಲೀಕರು ಮಾತನಾಡುತ್ತಾ, ಇವರ ನಾಲಗೆ ಸುಳ್ಳು ಹೇಳಿದ್ದಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಗಡಿಯಾರ ಈಗಲೂ ಸರಿಯಾಗಿ ನಡೆಯುತ್ತಿದೆ.

ರುಚಿ ಒಂದೊಂದಾಗಿ ಹಿಂದಿರುಗಿತು. ಮೊದಲು ಸಿಹಿ, ಆಮೇಲೆ ಉಪ್ಪು. ಒಗರು ಎಲ್ಲಕ್ಕಿಂತ ಕೊನೆಗೆ, ಹೋದ ವರ್ಷದ ನೇರಳೆಹಣ್ಣಿನ ಕಾಲದಲ್ಲಿ ಬಂತು. ಎಂಟನೇ ಮೈಲಿಯ ಹತ್ತಿರ ತಳ್ಳುಗಾಡಿಯಲ್ಲಿ ಕೊಂಡು ಒಂದು ಹಣ್ಣು ಬಾಯಿಗೆ ಹಾಕಿದೆ. ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಅಲ್ಲೇ ರಸ್ತೆಯಲ್ಲಿ ನಿಂತೆ. ಯಾರಿಗಾದರೂ ಹೇಳಬೇಕೆನ್ನಿಸಿತು. ಹೋಗಿತ್ತು ಎನ್ನುವುದು ಗೊತ್ತಿದ್ದವರಿಗೆ ತಾನೆ ಬಂತು ಎಂದು ಹೇಳುವುದು? ಅಂಥವರು ಒಬ್ಬರೇ ಇದ್ದರು.

ಅವಳ ವಿಳಾಸ ಕಾರ್ಖಾನೆಯ ಹಮಾಲನೊಬ್ಬನಿಗೆ ಗೊತ್ತಿತ್ತು. ವೈಟ್‌ಫೀಲ್ಡಿನಲ್ಲಿ ಒಂದು ಐಟಿ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಒಂದು ಕೇಜಿ ನೇರಳೆ ಕೊಂಡು ಮೆಟ್ರೋ ಹತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಇಳಿದು ಬೇರೆ ಗಾಡಿ ಹಿಡಿಯಬೇಕು. ಅಲ್ಲಿ ನೂಕುನುಗ್ಗಲಿನಲ್ಲಿ ಒಬ್ಬ ಹುಡುಗಿಯ ಕಾಲು ತುಳಿದೆ, ಎರಡು ಸಲ ಸಾರಿ ಎಂದೆ. ಅಲ್ಲಿಂದ ವೈಟ್‌ಫೀಲ್ಡಿನ ತನಕ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ನಾಲ್ಕೇ ಮಾತು. ದೊಡ್ಡದೇನಲ್ಲ.

ಊಟದ ಹೊತ್ತಿಗೆ ಅವಳು ಗೇಟಿನ ಹೊರಗೆ ಬಂದಳು. ನೀಲಿ ಯೂನಿಫಾರಂ, ಕೊರಳಲ್ಲಿ ಐಡಿ ಕಾರ್ಡು. ಕಾರ್ಡಿನಲ್ಲಿ ಅದೇ ಸಿಟ್ಟಿನ ಫೋಟೋ. ಅದರ ಕೆಳಗೆ ಅವಳ ಹೆಸರು, ಅಪ್ಪನ ಹೆಸರಿನ ಸಮೇತ. ಅದನ್ನು ನಾನು ಓದಿದ್ದು ಅದೇ ಮೊದಲು.

"ಅಯ್ಯ, ಅಣ್ಣಾರ! ಸೊರಗೀರಲ್ರಿ. ನಾಲಿಗಿ ಬಂತೇನು?"

"ಬಂತಮ್ಮ" ಎಂದು ಹಣ್ಣಿನ ಪೊಟ್ಟಣ ಕೊಟ್ಟೆ.

ಕಟ್ಟೆಯ ಮೇಲೆ ಕುಳಿತೆವು. ಅವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ನನಗೊಂದು ಕೊಟ್ಟು, ನಾನು ತಿನ್ನುವುದನ್ನೇ ನೋಡಿದಳು. "ಹೆಂಗೈತ್ರಿ? ನೋಡಿ ಹೇಳ್ರಿ ಮತ್ತ, ಬೆಲ್ಲ ಅಲ್ಲ ಅದು."

"ಒಗರು. ಚೆನ್ನಾಗಿದೆ."

"ಶೀಟ್ ನೋಡ್ಲಿಲ್ಲಲ್ರಿ?" ಎಂದು ನಕ್ಕಳು. ಅವಳ ಹಲ್ಲು ನೇರಳೆಯಾಗಿದ್ದವು. ಮಗಳು ಡಿಗ್ರಿ ಓದುತ್ತಿದ್ದಾಳಂತೆ. ಗಂಡನ ಬೆನ್ನು ಹಾಗೇ ಇದೆಯಂತೆ. ಇಎಸ್‌ಐ ಕಾರ್ಡು ತಡವಾಗಿ ಬಂತು, ಅಷ್ಟರಲ್ಲಿ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು ಎಂದಳು. ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು.

ಆಮೇಲೆ ಬೀಜವನ್ನು ಕೈಗೆ ಉಗುಳಿಕೊಂಡು, "ನನ್ನ ಮಗಳು ಈಗ್ಲೂ ಕೇಳ್ತಾಳ್ರಿ, ಅವತ್ತ ಯಾಕವ್ವ ಸುಮ್ನ ನಿಂತಿ ಅಂತ. ನೀವು ಹೇಳ್ತೀರಿ ಅಂತ ಕಾದ್ನಿರಿ. ಕಾಯೋದ್ರಾಗಽ ಕೆಲಸ ಹೋತು" ಎಂದಳು.

ನನಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ಮಾತು ಜೋಡಿಸಿಟ್ಟದ್ದೇ ಇತ್ತು.

"ಈ ಕಡೆ ಬಿಸಿಲು ಜಾಸ್ತಿ" ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಹೌದ್ರಿ" ಎಂದಳು. "ಜಾಸ್ತಿ ಐತಿ."

ನೇರಳೆಯ ಒಗರಿಗೆ ನಾಲಗೆ ಅಂಟಿಕೊಂಡಿತ್ತು, ಅದಕ್ಕೇ ಮಾತು ಹೊರಡಲಿಲ್ಲ ಎಂದು ವಾಪಸು ಬರುವಾಗ ಹೇಳಿಕೊಂಡೆ. ಆದರೆ ಒಗರು ಎಷ್ಟು ಹೊತ್ತು ಇರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು. ಐದು ನಿಮಿಷ. ನಾನು ಆ ಕಟ್ಟೆಯ ಮೇಲೆ ಮುಕ್ಕಾಲು ಗಂಟೆ ಕುಳಿತಿದ್ದೆ.

ಅದಾದ ಮೇಲೆ ಕ್ಷಮೆ ಕೇಳುವುದನ್ನು ಸುಲಭದ ಕಡೆಯಿಂದ ಶುರು ಮಾಡಿದೆ. ಮಾಲೀಕರ ಮನೆಗೆ ಹೋಗಿ ಎಲ್ಲವನ್ನೂ ಹೇಳಿ, ಆ ಹಂಡೆ ಹಾಳಾದದ್ದು ನನ್ನಿಂದ, ತಪ್ಪಾಯಿತು ಎಂದೆ. ಅವರು, "ಆಗಿದ್ದು ಆಯ್ತು ಬಿಡ್ರಿ, ಕಾಫಿ ಕುಡೀರಿ" ಎಂದರು. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಕೆಮಿಸ್ಟಿಗೆ ಫೋನ್ ಮಾಡಿ, ನಾಲ್ಕು ಸಲ ಟೆಸ್ಟ್ ಮಾಡಿಸಿದೆನಲ್ಲ, ಕ್ಷಮಿಸಪ್ಪ ಎಂದೆ. ಅವನಿಗೆ ನೆನಪಿರಲಿಲ್ಲ. ಉಪ್ಪಿಲ್ಲದ ಸಾರಿನ ವಿಷಯ ಹೆಂಡತಿಗೂ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತಂತೆ.

ಇವರೆಲ್ಲ ಆದ ಮೇಲೆ ಒಬ್ಬರು ಉಳಿಯುತ್ತಾರೆ. ಐಡಿ ಕಾರ್ಡಿನ ಆ ಹೆಸರನ್ನು ಅವಳನ್ನು ಕೇಳದೆ ಇಲ್ಲಿ ಬರೆಯುವುದಿಲ್ಲ, ಕೇಳುವಷ್ಟು ಮುಖ ನನಗಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದ, ನಾನು ಮಾತ್ರ ಒಂದು ದಿನವೂ ಕರೆಯದಿದ್ದ ಹೆಸರನ್ನು ಬರೆಯುತ್ತೇನೆ. ನಾನು ಕ್ಷಮೆ ಕೇಳದೆ ಉಳಿದಿರುವುದು ಅವರೊಬ್ಬರಲ್ಲಿ: ಚಾಕ್‌ಪೀಸ್ ಅಕ್ಕ.